ಸಂತೇಬೆನ್ನೂರಿನ ಹೊಂಡದ ಮೆಟ್ಟಿಲ ಮೇಲೆ

ದಾವಣಗೆರೆ ಕಡೆಯಿಂದ ಬರುವಾಗ ದಾರಿಯುದ್ದಕ್ಕೂ ಅಡಿಕೆ ತೋಟ, ಮೆಕ್ಕೆಜೋಳದ ಹೊಲ. ಸಂತೇಬೆನ್ನೂರಿನಲ್ಲಿ ಇಳಿದರೆ ಅಂಗಡಿ, ಹೋಟೆಲು, ಮನೆಗಳ ಸಾಲು. ಇಂಥ ಊರಿನೊಳಗೆ ಇಷ್ಟು ದೊಡ್ಡ ಬೆರಗು ಇದ್ದೀತೆಂದು ಯಾರೂ ಊಹಿಸಲಾರರು.

ಹೊಂಡದ ಅಂಚಿಗೆ ಬಂದು ನಿಂತೆ. ಒಂದೊಂದು ಬದಿಯೂ ಹೆಚ್ಚುಕಡಿಮೆ 240 ಅಡಿ. ನಾಲ್ಕೂ ಕಡೆಯಿಂದ ಕಲ್ಲಿನ ಮೆಟ್ಟಿಲುಗಳು ನೀರಿಗಿಳಿಯುತ್ತವೆ. ನಟ್ಟನಡುವೆ ವಸಂತ ಮಂಟಪ: ಕೆಳಗೆ ಕಮಾನು, ಅದರ ಮೇಲೆ ಅಂತಸ್ತಿನ ಮೇಲೆ ಅಂತಸ್ತು, ಮೇಲೆ ಹೋದಷ್ಟೂ ಸಣ್ಣದಾಗುವ ಗೋಪುರ. ಕಣ್ಣು ಒಮ್ಮೆ ಇದು ಗುಡಿಯ ಶಿಖರ ಎನ್ನುತ್ತದೆ, ಮರುಗಳಿಗೆ ಬಿಜಾಪುರದ ಯಾವುದೋ ಮಹಲನ್ನು ನೆನೆಯುತ್ತದೆ. ಎರಡು ಶೈಲಿಗಳು ಇಷ್ಟು ಸಲೀಸಾಗಿ ಬೆರೆತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ದಡದ ಸುತ್ತ ಎಂಟು ದಿಕ್ಕಿಗೆ ಎಂಟು ಮಂಟಪಗಳಿದ್ದವಂತೆ, ಉಳಿದಿರುವುದು ಆರು.

ಇದನ್ನು ಕಟ್ಟಿಸಿದವನು ಇಲ್ಲಿ ಆಳುತ್ತಿದ್ದ ಪಾಳೇಗಾರ, ಕೆಂಗ ಹನುಮಪ್ಪ ನಾಯಕ. ಕಾಲ 16ನೇ ಶತಮಾನ. ಹೊಂಡಕ್ಕೆ ಮುಖಮಾಡಿ, ಉದ್ದಕ್ಕೆ ಚಾಚಿಕೊಂಡಿರುವ ಭಾರೀ ಕಲ್ಲುಕಟ್ಟಡವೇ ಮುಸಾಫಿರ್‌ಖಾನ. ಅದರ ಕಥೆ ಮಾತ್ರ ನೋವಿನದು. 17ನೇ ಶತಮಾನದ ಮೊದಲರ್ಧದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ದಂಡೆತ್ತಿ ಬಂದ. ಊರು ನಾಯಕರ ಕೈತಪ್ಪಿತು. ಇಲ್ಲಿದ್ದ ರಾಮನ ಗುಡಿ ಬಿದ್ದು ಅದೇ ಜಾಗದಲ್ಲಿ ಮಸೀದಿಯಾಗಿ ಈ ಕಟ್ಟಡ ಎದ್ದಿತು, ನಾಯಕ ತಿರುಗಿಬಂದು ರಕ್ತ ಹರಿಸಿ ಸೇಡು ತೀರಿಸಿಕೊಂಡ, ಆಮೇಲೆ ಅಲ್ಲಿ ನಮಾಜು ನಡೆಯಲಿಲ್ಲ ಎಂಬುದು ತಲೆಮಾರುಗಳಿಂದ ಬಂದ ಮಾತು. ನಾಯಕರ ಮನೆತನ ಕೊನೆಗೆ ತರೀಕೆರೆಯಲ್ಲಿ ನೆಲೆಯಾಯಿತು. ತರೀಕೆರೆ ಪಾಳೇಗಾರರೆಂದರೆ ಇವರೇ.

ಗೆದ್ದವರೂ ಹೋದರು, ಸೋತವರೂ ಹೋದರು. ಪೂಜೆಯೂ ಇಲ್ಲದ, ನಮಾಜೂ ಇಲ್ಲದ ಕಟ್ಟಡಕ್ಕೆ ಮುಸಾಫಿರ್‌ಖಾನ, ಅಂದರೆ ದಾರಿಹೋಕರ ತಂಗುದಾಣ, ಎಂಬ ಹೆಸರು ನಿಂತಿತು. ಯಾವ ಜಾತಿ, ಯಾವ ದೇವರು ಎಂದು ಕೇಳದೆ ದಣಿದವನಿಗೆ ನೆರಳು ಕೊಡುವ ಹೆಸರು ಅದು. ಅಷ್ಟೆಲ್ಲ ಕಂಡ ಗೋಡೆಗಳಿಗೆ ಇದಕ್ಕಿಂತ ಒಳ್ಳೆಯ ಪಾಲು ಸಿಗಲಾರದು ಎಂದೇ ನನ್ನ ನಂಬಿಕೆ. ಸಂಜೆ ಅದರ ನೆರಳು ಚಾಚುವ ಹೊತ್ತಿಗೆ ಕಾಲೇಜು ಹುಡುಗರು ಫೋಟೊ ತೆಗೆಯುತ್ತಿದ್ದರು. ತಲೆಗೆ ಸೆರಗು ಹೊದ್ದ ಅಜ್ಜಿ ಮೊಮ್ಮಗನ ಕೈ ಬಿಡದೆ ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದಳು.

ಈಗ ಇದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಆದರೂ ಊರವರ ಮಾತಿನಲ್ಲಿ ಅದು "ನಮ್ಮ ಹೊಂಡ"ವೇ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನಾನು ಕೇಳದಿದ್ದರೂ ಹೇಳಿದರು: "ನೀರು ಇಳಿದಾಗ ಇನ್ನೊಂದ್ಸಲ ಬರ್ರಿ. ಕೆಳಗಿನ ಮೆಟ್ಟಿಲೆಲ್ಲ ಆಗ ಕಾಣ್ತವೆ. ಈಗ ನೀವು ನೋಡಿದ್ದು ಅರ್ಧನೇ."