ಚಿಕನ್ ಸ್ಕ್ರ್ಯಾಚ್ ಮತ್ತು ದೊಡ್ಡಪ್ಪನ ಕಂಸಾಳೆ

ತುಂಬಾ ದಿನ ಆಯ್ತು ಇಲ್ಲಿ ಬರೆದು. ಆಫೀಸಲ್ಲಿ ಕೆಲಸ ಜಾಸ್ತಿ ಅಂತ ನೆಪ ಹೇಳಬಹುದು, ಆದ್ರೆ ನಿಜ ಏನಂದ್ರೆ ಸಂಜೆಯೆಲ್ಲ ಗಿಟಾರ್ ಹಿಡಿದು ಕೂತಿದ್ದೆ :)

ಶಿಕ್ ಬ್ಯಾಂಡಿನ ನೈಲ್ ರಾಜರ್ಸ್ ಗೊತ್ತಲ್ಲ? 1978ರ 'ಲ ಫ್ರೀಕ್' ಕೇಳಿದವರು ಆ ಗಿಟಾರ್ ಮರೆಯೋಲ್ಲ. ತೆಳ್ಳಗೆ, ಗರಿಗರಿಯಾಗಿ.. ಅದಕ್ಕೂ ಮೊದಲು, 1965ರಲ್ಲೇ, ಜೇಮ್ಸ್ ಬ್ರೌನ್ ಜೊತೆ ಜಿಮ್ಮಿ ನೋಲೆನ್ ಹೀಗೆ ನುಡಿಸುತ್ತಿದ್ದ. ಕೋಳಿ ಕೆದಕಿದ ಹಾಗೆ ಕೇಳುತ್ತೆ ಅಂತ ಅದಕ್ಕೆ 'ಚಿಕನ್ ಸ್ಕ್ರ್ಯಾಚ್' ಅಂತಲೇ ಹೆಸರು. ನನಗೂ ಅದೇ ಸೌಂಡ್ ಬೇಕು ಅಂತ ಹಟ.

ಸ್ಟ್ರಾಟ್ ಮಾದರಿ ಗಿಟಾರ್ ತಗೊಂಡೆ. ಸ್ವಿಚ್ಚನ್ನ ಬ್ರಿಡ್ಜ್ ಮತ್ತು ನಡುವಿನ ಪಿಕಪ್ ಎರಡೂ ಸೇರುವ ಜಾಗಕ್ಕಿಟ್ಟೆ. ಆಂಪಲ್ಲಿ ಗೇನ್ ಪೂರ್ತಿ ಕಡಿಮೆ, ಬಾಸ್ ಸ್ವಲ್ಪ ಇಳಿಸಿ, ಟ್ರೆಬಲ್ ಸ್ವಲ್ಪ ಏರಿಸಿ, ರಿವರ್ಬ್ ಸೊನ್ನೆ. ಜೋರು ಹೊಡೆತಾನೂ ಮೆಲ್ಲಗಿನ ಹೊಡೆತಾನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರೋಕೆ ಕಂಪ್ರೆಸರ್ ಪೆಡಲ್. ತೆಳು ಪಿಕ್ಕು. ಇಷ್ಟೆಲ್ಲ ಆದ್ಮೇಲೆ ಬಂದದ್ದು ಭಜನೆ ಮಂಡಳಿ ಸೌಂಡು!

ಹೀಗಿರುವಾಗ ಯಳಂದೂರಲ್ಲಿ ನೆಂಟರ ಮದುವೆ. ಮುಗಿಸಿಕೊಂಡು ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ ಹನೂರಿಗೆ, ದೊಡ್ಡಪ್ಪನ ಮನೆಗೆ ಹೋದೆ. ಗಿಟಾರೂ ಜೊತೆಗೆ. ದೊಡ್ಡಪ್ಪ ಮಾದಪ್ಪನ ಗುಡ್ಡರು, ಬೆಟ್ಟದ ಜಾತ್ರೆಯಲ್ಲಿ ಬೀಸು ಕಂಸಾಳೆ ಹಾಕುತ್ತಿದ್ದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದೆ. ಕಂಸಾಳೆ ಜೋಡಿ ಗೂಡಲ್ಲೇ ಇದೆ.

ಸಂಜೆ ಕರೆಂಟ್ ಹೋಯ್ತು. ಜಗಲಿ ಮೇಲೆ ಆಂಪ್ ಇಲ್ಲದೇ ಬಾರಿಸುತ್ತಾ ಕೂತೆ. ಆಂಪ್ ಇಲ್ಲ, ಪೆಡಲ್ ಇಲ್ಲ, ಆದ್ರೂ ಅದೇ ಕೆಟ್ಟ ಸೌಂಡು! ದೊಡ್ಡಪ್ಪ ಸ್ವಲ್ಪ ಹೊತ್ತು ನೋಡಿ ಅಂದ್ರು, "ಎಡಗೈಯ ಯಾಕ್ಲಾ ಮಗಾ ಹಂಗ್ ಹಿಸುಕ್ತಿದ್ದಯ್? ಬುಡು ಬುಡು."

ಆಮೇಲೆ ಗೂಡಿಂದ ಕಂಸಾಳೆ ತರಿಸಿದರು. ಬಟ್ಟಲಿನಂಥದ್ದು ನನ್ನ ಎಡಗೈಗೆ. ಚಪ್ಪಟೆಯದನ್ನ ದಾರ ಹಿಡಿದು ಅವರ ಬಲಗೈಯಲ್ಲಿ. ಅವರು ಬಡಿದರು. ನಾನು ಬೆರಳು ಮುಚ್ಚಿದರೆ ಠಪ್, ಬಿಟ್ಟರೆ ಠಣ್ಣ್. ಅವರ ಬಲಗೈ ನಿಲ್ಲುತ್ತಲೇ ಇರಲಿಲ್ಲ. ಯಾವುದು ಕೇಳಬೇಕು, ಯಾವುದು ಸಾಯಬೇಕು ಅನ್ನೋದೆಲ್ಲ ನನ್ನ ಬೆರಳಲ್ಲಿ. ಫಂಕ್ ಕೂಡ ಇಷ್ಟೇ ಅಲ್ವಾ? ಬಲಗೈ ಒಂದು ಬಾರಿಗೆ ಹದಿನಾರು ಸಲ ಮೇಲೆ ಕೆಳಗೆ ಓಡ್ತಾನೇ ಇರುತ್ತೆ, ಎಡಗೈ ಸಡಿಲ ಬಿಟ್ಟಾಗೆಲ್ಲ ಬರೀ ಚಕ್ ಚಕ್. ನಾನು ಆರು ತಿಂಗಳು ಗುಂಡಿ ತಿರುಗಿಸುತ್ತಿದ್ದೆ, ಎಡಗೈಯನ್ನ ಸಡಿಲ ಬಿಟ್ಟೇ ಇರಲಿಲ್ಲ.

ನಾನು ಎರಡು ಸಲ ತಪ್ಪಿದೆ. ದೊಡ್ಡಪ್ಪ ಬೈದರು. ಲಕ್ವ ಹೊಡೆದ ಮೇಲೆ ಅವರು ಯಾರಿಗಾದ್ರೂ ಬೈದದ್ದು ಅದೇ ಮೊದಲಂತೆ, ಒಳಗಿಂದ ದೊಡ್ಡಮ್ಮ ನಗುತ್ತಾ ಹೇಳಿದರು.

ಬೆಂಗಳೂರಿಗೆ ಬಂದ ಮೇಲೆ ಸೆಟ್ಟಿಂಗ್ ಒಂದನ್ನೂ ಮುಟ್ಟಲಿಲ್ಲ. ನಾಲ್ಕು ಬಾರ್ ಸರಿಯಾಗಿ ಬಂತು, ಐದನೆಯದರಲ್ಲಿ ಮತ್ತೆ ಹಿಸುಕಿದೆ. ಆ ನಾಲ್ಕನ್ನೇ ರೆಕಾರ್ಡ್ ಮಾಡಿ ದೊಡ್ಡಮ್ಮನ ಫೋನಿಗೆ ಕಳಿಸಿದ್ದೀನಿ. ಇನ್ನೂ ನೀಲಿ ಟಿಕ್ ಬಂದಿಲ್ಲ..