ಹಿಮದ ಹಗೇವು

ಅಲಾಸ್ಕದ ಉತ್ತರದ ತುದಿಯಲ್ಲಿ, 71ನೆಯ ಅಕ್ಷಾಂಶದಲ್ಲಿ, ಉಟ್ಕಿಯಾಗ್ವಿಕ್ ಎಂಬ ಊರುಂಟು. ಭೂಪಟಗಳಲ್ಲಿ ಬ್ಯಾರೋ ಎಂದಿದ್ದುದು ಇದೇ. 2016ರಲ್ಲಿ ಊರವರು ಮತವಿತ್ತು ಹಳೆಯ ಹೆಸರನ್ನು ಮರಳಿ ತಂದುಕೊಂಡರು. ಜನಸಂಖ್ಯೆ ಸುಮಾರು 5,000. ಹೆಚ್ಚಿನವರು ಇನುಪಿಯಾಟ್ ಜನಾಂಗದವರು. ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ನವೆಂಬರ್ 18ರ ಸುಮಾರಿಗೆ ಮುಳುಗಿದ ಸೂರ್ಯನು ಮತ್ತೆ ಮೊಗದೋರುವುದು ಜನವರಿ 22ರ ವೇಳೆಗೆ. ಅದುವರೆಗೆ ನಡುಹಗಲಲ್ಲಿ ತೆಂಕಣ ದಿಗಂತವು ತುಸುಹೊತ್ತು ನಸುಬೆಳಗಾಗುವುದಷ್ಟೆ ಹಗಲಿನ ಗುರುತು.

ಇಂತಹ ಚಳಿಗಾಲಕ್ಕಾಗಿ ಯಾರಾದರೂ ಹಂಬಲಿಸುವರೆ ಎಂದು ಬಿಸಿಲ ನಾಡಿನವರಿಗೆ ತೋರಬಹುದು. ಅಲ್ಲಿಯವರು ಹಂಬಲಿಸುತ್ತಾರೆ, ಅದಕ್ಕೆ ಕಾರಣವೂ ಉಂಟು.

ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ತಿಮಿಂಗಿಲಗಳು ಪಡುವಣಕ್ಕೆ ವಲಸೆಹೋಗುತ್ತ ಆ ಕರೆಯ ಬಳಿ ಹಾಯುತ್ತವೆ. ಇಷ್ಟನ್ನೇ ಹಿಡಿಯಬಹುದೆಂದು ಅಂತರರಾಷ್ಟ್ರೀಯ ಆಯೋಗದ ಕಟ್ಟಳೆಯಿದೆ. ಒಂದು ದೋಣಿಯವರು ತಿಮಿಂಗಿಲವನ್ನು ದಡಕ್ಕೆ ಸೆಳೆದು ತಂದರೆಂದರೆ ಊರಿಗೆ ಊರೇ ಅಲ್ಲಿ ನೆರೆಯುತ್ತದೆ. ಉದ್ದ ಹಿಡಿಯ ಕತ್ತಿಗಳಿಂದ ತೊಗಲು, ಕೊಬ್ಬು, ಮಾಂಸಗಳನ್ನು ಬಿಡಿಸಿ ರೂಢಿಯಂತೆ ಪಾಲುಹಾಕುತ್ತಾರೆ. ದೋಣಿಯ ಯಜಮಾನನ ಮನೆಯಲ್ಲಿ ಪಾತ್ರೆಗಳು ಕುದಿಯುತ್ತವೆ, ಬಂದವರಿಗೆಲ್ಲ ಊಟ. ಮುಂದೆ ಕೃತಜ್ಞತಾರ್ಪಣೆಯ ಹಬ್ಬಕ್ಕೂ ಕ್ರಿಸ್ಮಸ್ಸಿಗೂ ಇಗರ್ಜಿಯಲ್ಲಿ ಮತ್ತೆ ಊರವರಿಗೆ ಹಂಚುವುದುಂಟು. ಹಿಡಿದವನಿಗೆ ಗೌರವ ಬರುವುದು ಹೀಗೆ ಕೊಡುವುದರಿಂದ.

ಆ ಹಬ್ಬಗಳವರೆಗೆ ಮಾಂಸವು ಹಗೇವಿನಲ್ಲಿರಬೇಕು. ಕನ್ನಡ ನಾಡಿನಲ್ಲಿ ಜೋಳ ತುಂಬುತ್ತಿದ್ದ ಹಗೇವಿನಂಥದೇ ಇದೂ: ಸದಾ ಹೆಪ್ಪುಗಟ್ಟಿರುವ ಮಣ್ಣಿನಲ್ಲಿ ಹಿಂದಿನವರು ಕೈಯಿಂದಲೇ ತೋಡಿದ ಆಳವಾದ ಗುಂಡಿ, ಬಾಯಿಗೆ ಮರದ ಮುಚ್ಚಳ, ಇಳಿಯಲು ಏಣಿ. ಬೇಟೆಗೆ ಮುನ್ನ ಮನೆಯವರು ಅದನ್ನು ಬರಿದುಮಾಡಿ, ಕೆರೆದು, ಹೊಸ ಹಿಮವನ್ನು ಹಾಸುತ್ತಾರೆ. ಹಗೇವನ್ನು ಶುಚಿಯಾಗಿಟ್ಟವರಿಗೇ ತಿಮಿಂಗಿಲವು ತನ್ನನ್ನು ತಾನು ಒಪ್ಪಿಸಿಕೊಳ್ಳುವುದೆಂದು ಹಿರಿಯರ ನಂಬುಗೆ. ಅತಿಥಿ ಬರುವನೆಂದು ಅಂಗಳ ಸಾರಿಸುವ ಗೃಹಿಣಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಚೆಗೆ ಇವುಗಳಲ್ಲಿ ಕೆಲವಕ್ಕೆ ನೀರು ಹೊಕ್ಕಿದೆ, ಕೆಲವು ಕುಸಿದಿವೆ. ಹಿಂದೆ ಅಕ್ಟೋಬರಿನಲ್ಲಿಯೇ ಹೆಪ್ಪುಗಟ್ಟುತ್ತಿದ್ದ ದಡದ ಕಡಲು ಈಗ ತಡಮಾಡುತ್ತದೆ. ಮಂಜುಗಡ್ಡೆಯ ಕಾವಲಿಲ್ಲದ ಕರೆಯನ್ನು ಬಿರುಗಾಳಿಯ ಅಲೆಗಳು ಕೊರೆಯುತ್ತವೆ. ಅಲ್ಲಿಯ ಉಷ್ಣಮಾನದ ವಿಷಯದಲ್ಲೊಂದು ವಿಚಿತ್ರ ನಡೆಯಿತು. ಅಂಕಿಗಳನ್ನು ಪರೀಕ್ಷಿಸುವ ಗಣಕಯಂತ್ರವು, ಇಷ್ಟು ಏರಿಕೆ ಸುಳ್ಳೇ ಇರಬೇಕೆಂದು ಬಗೆದು, 2017ನೆಯ ವರ್ಷದ ಲೆಕ್ಕವನ್ನು ತಳ್ಳಿಹಾಕಿತು! ಏರಿಕೆ ನಿಜವಾದದ್ದೆಂದು ಆಮೇಲೆ ವಿಜ್ಞಾನಿಗಳು ತಿಳಿಸಿದರು. ಕಡಲು ಹೆಪ್ಪುಗಟ್ಟದಿದ್ದರೆ ಮಾಗಿಯ ಮೊದಲ ತಿಂಗಳುಗಳೇ ಹೆಚ್ಚಾಗಿ ಬೆಚ್ಚಗಾಗುತ್ತವೆ.

ಕೆಲವು ಮನೆಗಳವರು ಮಾಂಸವನ್ನು ವಿದ್ಯುತ್ತಿನ ಶೀತಪೆಟ್ಟಿಗೆಗೆ ಸಾಗಿಸಿದ್ದಾರೆ. ಹಗೇವಿನಲ್ಲಿ ನಿಧಾನವಾಗಿ ಹದಗೊಂಡ ಮಾಂಸದ ರುಚಿ ಅದಕ್ಕೆ ಬಾರದೆಂದು ಹಿರಿಯರ ದೂರು. ಹಗೇವನ್ನು ಇನ್ನೂ ನಂಬಿದವರು, ಹಬ್ಬದ ಪಾಲು ತರಲು ಆ ಕತ್ತಲೆಯಲ್ಲಿ ಏಣಿಯಿಳಿಯುವಾಗ, ದೀಪವೆತ್ತಿ ಗೋಡೆಯನ್ನೂ ನೋಡಿಕೊಳ್ಳಬೇಕಾಗಿದೆ, ಎಲ್ಲಾದರೂ ಹನಿಯುಂಟೆ ಎಂದು.