ಭಾರತ ಹುಣ್ಣಿಮೆಗೆ ಬನ್ನಿ, ಚಿಕ್ಕಪ್ಪ

ಸ್ವರಾಜ್ ದ್ವೀಪ, ಅಂಡಮಾನ್
ಫೆಬ್ರವರಿ 18

ಚಿಕ್ಕಪ್ಪ,

ಫೋನಿನಲ್ಲಿ ಹೇಳಿದರೆ ‘ನೋಡೋಣ ಬಿಡು’ ಅಂತ ಇಟ್ಟುಬಿಡುತ್ತೀರಿ. ಕಾಗದವಾದರೆ ಎರಡು ಸಲ ಓದುತ್ತೀರಿ, ಚಿಕ್ಕಮ್ಮನಿಗೂ ಓದಿ ಹೇಳುತ್ತೀರಿ. ಅದಕ್ಕೇ ಇವತ್ತು ಸಮುದ್ರಕ್ಕೆ ಹೋಗದೆ ಕೂತು ಬರೆಯುತ್ತಿದ್ದೇನೆ. ಮುಂದಿನ ವರ್ಷ ನಿಮ್ಮನ್ನು ಇಲ್ಲಿಗೆ ಮೀನು ಹಿಡಿಯಲು ಕರೆದುಕೊಂಡು ಬರಬೇಕು. ಯಾವಾಗ, ಹೇಗೆ ಎಂಬುದನ್ನೆಲ್ಲ ಯೋಚಿಸಿಟ್ಟಿದ್ದೇನೆ.

ಮೊದಲು ನಿನ್ನೆಯ ಮಾತು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ದೋಣಿ ಹೊರಟಿತು. ನಡೆಸುವವರು ಮಾಯಾಬಂದರ್ ಕಡೆಯ ಕರೆನ್ ಜನಾಂಗದವರು. 1925ರಲ್ಲಿ ಬ್ರಿಟಿಷರು ಬರ್ಮಾದಿಂದ ತಂದು ನೆಲೆಗೊಳಿಸಿದವರ ಪೈಕಿ ಅವರ ಅಜ್ಜನೂ ಒಬ್ಬರಂತೆ. ಮಾತು ಕಡಿಮೆ. ಒಂದೂವರೆ ಗಂಟೆ ಸಾಗಿದ ಮೇಲೆ ಎಂಜಿನ್ ನಿಲ್ಲಿಸಿ ನೀರನ್ನೇ ನೋಡುತ್ತ ನಿಂತರು. ಸೆಳವು ಹವಳದ ದಿಣ್ಣೆಗೆ ಬಡಿದು ಮೇಲೇಳುವ ಜಾಗದಲ್ಲಿ ನೀರಿನ ಮೈ ಎಣ್ಣೆ ಸುರಿದ ಹಾಗೆ ನುಣ್ಣಗಿತ್ತು. ಅದನ್ನು ಬೆರಳಿನಿಂದ ತೋರಿಸಿದರು. ಕಾವೇರಿಯ ಹರಿಗೋಲಿನಲ್ಲಿ ಹುಟ್ಟು ಎತ್ತಿ ಹಿಡಿದು, ಬಂಡೆಯ ಹಿಂದಿನ ಮಡುವನ್ನು ನೀವು ಹೀಗೇ ತೋರಿಸುತ್ತಿದ್ದಿರಿ. ಆಗಲೇ ನನಗೆ ನಿಮ್ಮ ನೆನಪು ಬಂದದ್ದು.

ಇಲ್ಲಿ ಎಲ್ಲರೂ ಬೆನ್ನುಹತ್ತುವ ಮೀನು ಜೈಂಟ್ ಟ್ರೆವಲಿ. ಬಾಯಿಮಾತಿನಲ್ಲಿ ಬರೀ ಜಿಟಿ. ಬೆಳ್ಳಿ ಬಣ್ಣದ, ಅಗಲ ಎದೆಯ, ದಪ್ಪ ತಲೆಯ ಮೀನು. ಬಾಲದ ಬುಡ ಕಬ್ಬಿಣದ ಹಾಗೆ ಗಟ್ಟಿ. ಸೀಶೆಲ್ಸ್ ದ್ವೀಪಗಳ ಹತ್ತಿರ ಇದು ನೀರಿನಿಂದ ನೆಗೆದು ಹಾರುವ ಹಕ್ಕಿಯನ್ನೇ ನುಂಗುವುದನ್ನು ಬಿಬಿಸಿಯವರು 2017ರಲ್ಲಿ ತೋರಿಸಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಬಿಳಿಮೀನಿನ, ಅಂದರೆ ಮಹಶೀರ್‌ನ, ಕಥೆ ಹೇಳಿದವರು ನೀವೇ. ಜಿಟಿಯ ವಿಶ್ವದಾಖಲೆ 2006ರದು, ಜಪಾನಿನಲ್ಲಿ ಸಿಕ್ಕ 72.8 ಕಿಲೋ ಮೀನು. ನಿಮ್ಮ ಲೆಕ್ಕದಲ್ಲಿ 160 ಪೌಂಡು ದಾಟಿತು.

ಹಿಡಿಯುವ ರೀತಿ ಮಾತ್ರ ನಮ್ಮದಕ್ಕೆ ತೀರ ಬೇರೆ. ನಮ್ಮಲ್ಲಿ ಬೇಯಿಸಿದ ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಮೆತ್ತಿ ತಳಕ್ಕೆ ಬಿಟ್ಟು, ಹುರಿಯ ಮೇಲೆ ಬೆರಳಿಟ್ಟು ಗಂಟೆಗಟ್ಟಲೆ ಕಾಯುವುದು. ಇಲ್ಲಿ ಮೀನನ್ನು ಕರೆಯಬೇಕು. ಪಾಪರ್ ಅಂತ ಮರದ ಕೃತಕ ಮೀನು, ನೂರೈವತ್ತು ಗ್ರಾಂ ತೂಕ, ಅದರ ಮುಖ ಬಟ್ಟಲಿನ ಹಾಗೆ ಕುಳಿಬಿದ್ದಿರುತ್ತದೆ. ಎಂಟಡಿ ಗಾಳದ ಕೋಲಿನಿಂದ ದೂರ ಎಸೆದು ಜೋರಾಗಿ ಸೆಳೆದರೆ ‘ಗುಳುಂ’ ಅಂತ ನೀರು ಚಿಮ್ಮುತ್ತದೆ. ಗಾಯಗೊಂಡ ಮೀನೊಂದು ಒದ್ದಾಡುತ್ತಿದೆ ಅಂದುಕೊಂಡು ಜಿಟಿ ಕೆಳಗಿನಿಂದ ನುಗ್ಗುತ್ತದೆ. ಎಸೆಯುವುದು, ಸೆಳೆಯುವುದು, ಮತ್ತೆ ಎಸೆಯುವುದು. ಹೀಗೆ ಬೆಳಗಿನಿಂದ ಮಧ್ಯಾಹ್ನದವರೆಗೆ.

ಮೊದಲ ಮೀನು ಹೊಡೆದಾಗ ನನಗೆ ತಪ್ಪಿಹೋಯಿತು. ತಪ್ಪು ನನ್ನದೇ. ಬ್ರೇಡ್ ಹುರಿಗೆ ದಪ್ಪ ನೈಲಾನಿನ ಲೀಡರ್ ಸೇರಿಸುವ ಗಂಟನ್ನು ಹಿಂದಿನ ರಾತ್ರಿ ನಿದ್ದೆಗಣ್ಣಿನಲ್ಲಿ ಹಾಕಿದ್ದೆ, ಎಳೆದು ಪರೀಕ್ಷಿಸಿರಲಿಲ್ಲ. ಆ ಗಂಟಿಗೆ ಎಫ್‌ಜಿ ಅನ್ನುತ್ತಾರೆ. ಬಿಗಿಯಾಗಿ ಸುತ್ತಿ ಸುತ್ತಿ ಹಾಕಬೇಕು, ನಿಧಾನದ ಕೆಲಸ. ‘ಗಂಟು ನೋಡದವನು ಗಾಳ ಮುಟ್ಟಬಾರದು’ ಅಂತ ನೀವು ಬೈಯುತ್ತಿದ್ದದ್ದು ಕಿವಿಯಲ್ಲಿ ಮೊಳಗಿತು. ಆ ಮೀನಿನ ಬಾಯಲ್ಲಿ ನನ್ನ ಗಾಳ ಉಳಿದುಹೋಯಿತಲ್ಲ ಅನ್ನುವ ಸಂಕಟ ಇವತ್ತೂ ಇದೆ.

ಎರಡನೆಯದು ಹನ್ನೊಂದು ಗಂಟೆಯ ಹೊತ್ತಿಗೆ. ಹೊಡೆದ ಕೂಡಲೇ ಹವಳದ ಕಡೆಗೆ ನೇರ ಕೆಳಗೆ ಇಳಿಯಿತು. ಹವಳಕ್ಕೆ ಉಜ್ಜಿದರೆ ಎಂಥ ಹುರಿಯೂ ಕತ್ತರಿಸಿಹೋಗುತ್ತದೆ. ಅದಕ್ಕೇ ಮೊದಲ ಅರ್ಧ ನಿಮಿಷ ಒಂದಿಂಚೂ ಸಡಿಲ ಬಿಡಬಾರದು. ಬಿಳಿಮೀನು ಬಂಡೆಯ ಸಂದಿಗೆ ನುಗ್ಗಿದಾಗ ನೀವು ಹರಿಗೋಲನ್ನು ಹಿಂದೆ ಓಡಿಸುತ್ತಿದ್ದಿರಿ. ಇಲ್ಲಿ ದೋಣಿಯವರು ಎಂಜಿನ್ ಹಾಕಿ ದೋಣಿಯನ್ನು ಆಳದ ಕಡೆಗೆ ಎಳೆದರು. ಇಪ್ಪತ್ತು ನಿಮಿಷದ ಮೇಲೆ ಮೀನು ದೋಣಿಯ ಪಕ್ಕಕ್ಕೆ ಬಂತು. ಹದಿನೆಂಟು ಕಿಲೋ ಇದ್ದೀತು. ನನ್ನ ಕೈಕಾಲು ನಡುಗುತ್ತಿತ್ತು.

ಚಿಕ್ಕಪ್ಪ, ಇಪ್ಪತ್ತು ವರ್ಷ ನೀವು ಭೀಮೇಶ್ವರಿ, ಗಾಳಿಬೋರೆಯಲ್ಲಿ ಗಾಳ ಹಾಕಲು ಬಂದವರಿಗೆ ದಾರಿ ತೋರಿಸಿದಿರಿ. ಮೀನು ಕಚ್ಚಿದ ಕೂಡಲೇ ಕೋಲನ್ನು ಅವರ ಕೈಗೆ ಕೊಟ್ಟಿರಿ. ಅಲ್ಲಿನ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತು ಹತ್ತು ವರ್ಷಕ್ಕೂ ಮೇಲಾಯಿತು. ಆಮೇಲೆ ನೀವು ಕೋಲು ಮುಟ್ಟಿದ್ದನ್ನು ನಾನು ನೋಡಿಲ್ಲ. ಒಂದು ಸಲ, ಒಂದೇ ಸಲ, ನಿಮಗಾಗಿ ನೀವು ಹಿಡಿಯಬೇಕು. ನನ್ನ ಆಸೆ ಇಷ್ಟೇ.

ಈಗ ಲೆಕ್ಕಾಚಾರ. ಫೆಬ್ರವರಿ, ಮಾರ್ಚ್ ಅತ್ಯುತ್ತಮ. ಆಗ ಸಮುದ್ರ ತೊಟ್ಟಿಯ ನೀರಿನ ಹಾಗೆ ಶಾಂತ. ಏಪ್ರಿಲ್ 15ರಿಂದ ಜೂನ್ 14ರವರೆಗೆ ಮೀನು ಮರಿ ಮಾಡುವ ಕಾಲವೆಂದು ಸರ್ಕಾರವೇ ಪೂರ್ವ ಕರಾವಳಿಯಲ್ಲೂ ಇಲ್ಲೂ ಯಂತ್ರದ ದೋಣಿಗಳ ಮೀನುಗಾರಿಕೆ ನಿಲ್ಲಿಸುತ್ತದೆ. ಮೇ ತಿಂಗಳ ನಡುವಿಗೆ ಮುಂಗಾರು ಕೇರಳಕ್ಕಿಂತ ಮೊದಲು ಇಲ್ಲಿಗೇ ಬರುತ್ತದೆ. ಇನ್ನು ದಿನ ಗೊತ್ತುಮಾಡುವುದು ನಿಮ್ಮ ಪಂಚಾಂಗದಿಂದಲೇ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ ಇಳಿತ ಜೋರು, ನೀರು ಆಳೆತ್ತರ ಏರಿಳಿಯುತ್ತದೆ. ಆ ಸೆಳವಿಗೆ ಸಣ್ಣ ಮೀನು ದಿಣ್ಣೆಯ ಮೂಲೆಗೆ ತಳ್ಳಿಸಿಕೊಂಡು ಬರುತ್ತವೆ, ಜಿಟಿ ಅಲ್ಲೇ ಹೊಂಚುಹಾಕುತ್ತದೆ. ಅದಕ್ಕೆ ಮಾಘದ ಭಾರತ ಹುಣ್ಣಿಮೆಯ ವಾರ ಹಿಡಿದಿದ್ದೇನೆ. ಅಷ್ಟು ಹೊತ್ತಿಗೆ ರಾಗಿ ಕಣ ಮುಗಿದಿರುತ್ತದೆ. ರೇಷ್ಮೆಹುಳದ ಒಂದು ಬೆಳೆ ಬಿಟ್ಟರಾಯಿತು. ರಾಮನಗರಕ್ಕೆ ಗೂಡು ಹಾಕಿ ಬಂದ ಮರುದಿನವೇ ಹೊರಡೋಣ.

ಒಟ್ಟು ಏಳು ದಿನ. ಬೆಂಗಳೂರಿನಿಂದ ಪೋರ್ಟ್ ಬ್ಲೇರಿಗೆ ವಿಮಾನದಲ್ಲಿ ಎರಡೂವರೆ ಗಂಟೆ. 2024ರಿಂದ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರು. ಮೊದಲ ದಿನ ಅಲ್ಲೇ ವಿಶ್ರಾಂತಿ, ಸಂಜೆ ಸೆಲ್ಯುಲಾರ್ ಜೈಲು. ಎರಡನೆಯ ದಿನ ಹಡಗಿನಲ್ಲಿ ಎರಡು ಗಂಟೆ ಸಾಗಿ ಈ ದ್ವೀಪಕ್ಕೆ. ಹ್ಯಾವ್‌ಲಾಕ್ ಅಂತ ಇದರ ಹಳೆಯ ಹೆಸರು. ಮೂರು ದಿನ ಗಾಳ. ಒಂದು ದಿನ ಗಾಳಿಮಳೆಗೆಂದು ಕೈಯಲ್ಲಿಟ್ಟುಕೊಳ್ಳಬೇಕು. ಅದು ಉಳಿದರೆ ಚಿಕ್ಕಮ್ಮನ ಜೊತೆ ರಾಧಾನಗರ ಕಡಲತೀರ. ಏಳನೆಯ ದಿನ ವಾಪಸು. ದೋಣಿಯ ಬಾಡಿಗೆ ತಲೆಗೆ ಇಷ್ಟು ಅಂತ ಅಲ್ಲ, ಇಡೀ ದೋಣಿಗೆ. ಅದಕ್ಕೆ ನನ್ನ ಇಬ್ಬರು ಗೆಳೆಯರೂ ಸೇರುತ್ತಾರೆ. ಹಣದ ಮಾತು ನೀವು ಎತ್ತಬೇಡಿ.

ದೋಣಿ ಗೊತ್ತುಮಾಡುವ ಮುಂಚೆ ನಾನು ಹೋಗಿ ನೋಡಿ ಬಂದೆ. ಎರಡು ಎಂಜಿನ್, ರೇಡಿಯೋ, ಎಲ್ಲರಿಗೂ ತೇಲುವ ಜಾಕೆಟ್, ಮೀನುಗಾರಿಕೆ ಇಲಾಖೆಯ ಪರವಾನಗಿ ಎಲ್ಲವೂ ಇವೆ. ಎಲ್ಲಿ ಹೋಗುವುದಿಲ್ಲ ಎಂದೂ ದೋಣಿಯವರನ್ನು ಕೇಳಿದೆ. ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ, ಈ ಕಡೆಯ ರಾಣಿ ಝಾನ್ಸಿ ಉದ್ಯಾನ, ಇವುಗಳ ಗಡಿಯೊಳಗೆ ಗಾಳ ಹಾಕುವ ಹಾಗಿಲ್ಲ. ಬುಡಕಟ್ಟಿನವರ ಮೀಸಲು ದ್ವೀಪಗಳ ಹತ್ತಿರಕ್ಕೂ ಸುಳಿಯುವ ಹಾಗಿಲ್ಲ. ನಕ್ಷೆಯಲ್ಲಿ ಆ ಗೆರೆಗಳನ್ನು ಅವರು ತಾವಾಗಿಯೇ ತೋರಿಸಿದರು. ಆ ಮೇಲೆಯೇ ನನ್ನ ಮನಸ್ಸು ನಿಂತಿತು.

ನಿಮ್ಮ ವಯಸ್ಸಿನ ಯೋಚನೆಯನ್ನೂ ಮಾಡಿದ್ದೇನೆ. ದಿನವಿಡೀ ಭಾರದ ಪಾಪರ್ ಎಸೆಯಬೇಕಿಲ್ಲ. ಬೆಳಗಿನ ಎರಡು ಗಂಟೆ ಹಗುರ ಕೋಲಿನಲ್ಲಿ ಸಣ್ಣ ಪಾಪರ್ ಎಸೆಯಿರಿ. ಬಿಸಿಲೇರಿದ ಮೇಲೆ ದೋಣಿ ಸಾಗುತ್ತಿರುವಾಗ ಹಿಂದೆ ಹುರಿ ಬಿಟ್ಟು ಕೂರಬಹುದು. ಅದಕ್ಕೆ ವಾಹೂ, ಹಾಯಿಮೀನು ಬೀಳುತ್ತವೆ. ನೀರು ಮಂದವಾದಾಗ ಸೀಸದ ಜಿಗ್ ಆಳಕ್ಕೆ ಇಳಿಸಿ ಕುಣಿಸಿದರೆ ಡಾಗ್‌ಟೂತ್ ಟ್ಯೂನಾ ಸಿಕ್ಕರೂ ಸಿಕ್ಕೀತು. ತುಂಬುತೋಳಿನ ಅಂಗಿ, ಟೋಪಿ, ಕೈಗವಸು ಬೇಕೇಬೇಕು. ಕಪ್ಪು ಕನ್ನಡಕ ಬಿಸಿಲಿಗೆ ಮಾತ್ರವಲ್ಲ, ಹುರಿ ಕಡಿದು ಗಾಳ ಹಿಂದಕ್ಕೆ ಚಿಮ್ಮಿದರೆ ಕಣ್ಣು ಉಳಿಯಬೇಕಲ್ಲ, ಅದಕ್ಕೆ. ಹೊಟ್ಟೆ ತೊಳಸದಂತೆ ಮಾತ್ರೆಯನ್ನು ಹಿಂದಿನ ರಾತ್ರಿಯೇ ನುಂಗಬೇಕು. ಕೋಲು, ಗಾಳ, ಜಿಗ್ ಎಲ್ಲ ವಿಮಾನದ ಹೊಟ್ಟೆಗೆ ಹಾಕುವ ಸಾಮಾನಿನಲ್ಲೇ ಹೋಗಬೇಕು. ಅವನ್ನೆಲ್ಲ ನಾನು ಹೊಂದಿಸುತ್ತೇನೆ.

ಚಿಕ್ಕಮ್ಮ ಕೇಳುವ ಪ್ರಶ್ನೆ ನನಗೆ ಗೊತ್ತು: ‘ಹಿಡಿದು ಬಿಡೋದಾದ್ರೆ ಹಿಡಿಯೋದ್ಯಾಕೆ?’ ಹುಡುಗನಾಗಿದ್ದಾಗ ನಾನೂ ನಿಮ್ಮನ್ನು ಅದನ್ನೇ ಕೇಳಿದ್ದೆ. ನೀವು ಉತ್ತರ ಹೇಳಲಿಲ್ಲ. ಸೊಂಟದಮಟ್ಟ ನೀರಿನಲ್ಲಿ ನಿಂತು, ಸುಸ್ತಾದ ಬಿಳಿಮೀನಿನ ಮುಖವನ್ನು ಹರಿವಿಗೆ ಎದುರು ಹಿಡಿದು, ಅದು ತಾನಾಗಿ ಬಾಲ ಬಡಿಯುವವರೆಗೆ ಕಾದಿರಿ. ಸಿಡಿಮದ್ದು ಹಾಕಿ ಮಡುವನ್ನೇ ಬರಿದು ಮಾಡುವವರಿದ್ದ ಕಾಲ ಅದು. ಜೀವಂತ ಮೀನಿನಿಂದ ಹತ್ತಾರು ಮನೆಗಳಿಗೆ ಸಂಬಳ ಬರುತ್ತಿದ್ದದ್ದರಿಂದ ನೀವೆಲ್ಲ ರಾತ್ರಿ ನದಿ ಕಾದಿರಿ. ಆ ಡುಬ್ಬದ ಬಿಳಿಮೀನು ಅಳಿವಿನ ಅಂಚಿನಲ್ಲಿದೆ ಎಂದು 2018ರಲ್ಲಿ ಜಗತ್ತಿನ ಕೆಂಪುಪಟ್ಟಿಗೆ ಸೇರಿತು. ಉಳಿದಿರುವಷ್ಟರಲ್ಲಿ ನಿಮ್ಮ ಕಾವಲಿನ ಪಾಲೂ ಇದೆ ಎಂದು ನಾನು ನಂಬಿದ್ದೇನೆ.

ಇಲ್ಲೂ ಜಿಟಿಯನ್ನು ಕೊಲ್ಲುವುದಿಲ್ಲ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುತ್ತಾರೆ. ಕಿವಿರಿಗೆ ಕೈ ಹಾಕಿ ನೇತುಹಾಕುವುದಿಲ್ಲ, ಅಡ್ಡ ಮಲಗಿಸಿ ಹಿಡಿಯುತ್ತಾರೆ. ಹವಳದ ದೊಡ್ಡ ಮೀನುಗಳ ಮೈಯಲ್ಲಿ ಪಾಚಿಯಿಂದ ಬರುವ ಸಿಗ್ವಟೆರಾ ಎಂಬ ವಿಷ ಸೇರಿರಬಹುದು, ಹಾಗಾಗಿ ತಿನ್ನುವುದಕ್ಕೂ ಒಳ್ಳೆಯದಲ್ಲ. ನಿನ್ನೆ ದೋಣಿಯವರು ಮೀನಿನ ಬಾಲದ ಬುಡ ಹಿಡಿದು ನನ್ನ ಕೈಗೆ ಕೊಟ್ಟರು. ದೋಣಿಯ ಪಕ್ಕಕ್ಕೆ ಬಾಗಿ ಮೀನಿನ ಮುಖವನ್ನು ಸೆಳವಿಗೆ ಎದುರು ಹಿಡಿದೆ. ಯಾರೂ ಹೇಳಿಕೊಡಲಿಲ್ಲ, ನನ್ನ ಕೈಗೆ ಗೊತ್ತಿತ್ತು. ಒಂದು ನಿಮಿಷ ಸುಮ್ಮನಿತ್ತು. ಆಮೇಲೆ ನನ್ನ ಮುಖಕ್ಕೆ ಉಪ್ಪುನೀರು ಎರಚಿ ನೀಲಿಗೆ ಇಳಿಯಿತು. ದೋಣಿಯವರು ‘ಎಲ್ಲಿ ಕಲಿತಿರಿ?’ ಅಂತ ಕೇಳಿದರು. ನಮ್ಮ ಚಿಕ್ಕಪ್ಪನ ಹತ್ತಿರ, ಕಾವೇರಿಯಲ್ಲಿ ಎಂದೆ. ‘ಅವರನ್ನು ಕರೆತನ್ನಿ’ ಎಂದರು.

ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬರುತ್ತದೆ. ಅದರಲ್ಲಿ ಮಾಘ ಮಾಸದ ಪುಟ ತೆಗೆದು, ಹುಣ್ಣಿಮೆಯ ತಾರೀಖಿಗೆ ಒಂದು ಗುರುತು ಹಾಕಿ, ನನಗೆ ಫೋನ್ ಮಾಡಿ. ಅವತ್ತೇ ದೋಣಿಗೆ ಮುಂಗಡ ಕಟ್ಟುತ್ತೇನೆ.



ಇಂತಿ,
ನಿಮ್ಮ ಅಣ್ಣನ ಮಗ